ಎರಡು ಬಾಗಿಲಿನ ಉಗ್ರಾಣ

ಗ್ರಂಥಭಂಡಾರ ಎಂಬ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಾಲಾಗಿ ನಿಂತ ಬೀರುಗಳು, ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ಹಲಗೆ, ಮೇಜಿನ ಹಿಂದೆ ರಿಜಿಸ್ಟರು ತೆರೆದು ಕುಳಿತ ಭಂಡಾರಿ. ಕಂಪ್ಯೂಟರಿನ ಕೆಲಸದವರೂ ಲೈಬ್ರರಿ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ. ಅವರ ಲೈಬ್ರರಿಯಲ್ಲಿ ಮನುಷ್ಯರು ಓದುವ ಪುಸ್ತಕವಿಲ್ಲ. ಇನ್ನೊಬ್ಬರು ಮೊದಲೇ ಬರೆದು, ತಿದ್ದಿ, ಪರೀಕ್ಷಿಸಿ ಇಟ್ಟಿರುವ ಲೆಕ್ಕದ ವಿಧಾನಗಳು, ಚಿತ್ರ ಬಿಡಿಸುವ ವಿಧಾನಗಳು, ಅಕ್ಷರ ಜೋಡಿಸುವ ವಿಧಾನಗಳು ಅಲ್ಲಿರುತ್ತವೆ. ಹೊಸ ಕಾರ್ಯಕ್ರಮ ಬರೆಯುವವನು ಅವನ್ನು ತಂದು ತನ್ನ ಬರಹದೊಳಗೆ ಸೇರಿಸಿಕೊಳ್ಳುತ್ತಾನೆ. ಪ್ರತಿಯೊಂದು ಮನೆಯವರೂ ತಮ್ಮ ಹಿಟ್ಟನ್ನು ತಾವೇ ಬೀಸಿಕೊಳ್ಳುವ ಕಾಲ ಹೋಗಿ ಗಿರಣಿ ಬಂದ ಹಾಗೆ.

ಇದಕ್ಕೆ ಲೈಬ್ರರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ೧೯೪೯ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಎಡ್‌ಸ್ಯಾಕ್ ಎಂಬ ಗಣಕಯಂತ್ರ ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದರ ಜೊತೆ ಕೆಲಸ ಮಾಡುತ್ತಿದ್ದ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಎಂಬುವರು ಪದೇ ಪದೇ ಬೇಕಾಗುವ ವಿಧಾನಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳ ಮೇಲೆ ಬರೆದು, ಸುರುಳಿ ಸುತ್ತಿ, ಉಕ್ಕಿನ ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವನು ಬೀರು ತೆರೆದು, ಪಟ್ಟಿಯನ್ನು ತೆಗೆದು, ತನ್ನ ಪಟ್ಟಿಗೆ ನಕಲು ಮಾಡಿಕೊಂಡು, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದ. ೧೯೫೧ರ ವೇಳೆಗೆ ಆ ಬೀರುವಿನಲ್ಲಿ ೮೭ ಪಟ್ಟಿಗಳಿದ್ದವು. ಯಾವ ಪಟ್ಟಿಯನ್ನು ಯಾರು ಬರೆದರು, ಅದರಲ್ಲಿ ತಪ್ಪು ಕಂಡರೆ ಯಾರನ್ನು ಕೇಳಬೇಕು ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹತ್ತು ಹೆಜ್ಜೆ ನಡೆದರೆ ಬರೆದವನೇ ಸಿಗುತ್ತಿದ್ದ.

ಇಂದು ಪೈಥಾನ್ ಎಂಬ ಒಂದೇ ಕಂಪ್ಯೂಟರ್ ಭಾಷೆಯ ಸಾರ್ವಜನಿಕ ಭಂಡಾರದಲ್ಲಿ ಐದು ಲಕ್ಷಕ್ಕೂ ಮೀರಿದ ಪೊಟ್ಟಣಗಳಿವೆ. ಬರೆದವರು ಭೂಮಂಡಲದ ಉದ್ದಗಲಕ್ಕೂ ಹರಡಿದ್ದಾರೆ. ಅನೇಕರು ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ಬರೆದವರು. ಇಂಥ ಪೊಟ್ಟಣವೊಂದನ್ನು ತರಿಸಿಕೊಳ್ಳುವುದಕ್ಕೆ ಒಂದು ಸಾಲು ಟೈಪು ಮಾಡಿದರೆ ಸಾಕು. ಆ ಒಂದು ಸಾಲಿನ ವಿಷಯವೂ, ಅದಾದ ಮೇಲೆ ಉಳಿಯುವ ಕೆಲಸದ ವಿಷಯವೂ ನನ್ನ ಇಂದಿನ ಮಾತು. ನಿಮ್ಮ ಮನೆಯ ಮಗನೋ ಮಗಳೋ ಇಂಥ ಉದ್ಯೋಗದಲ್ಲಿರಬಹುದು. ರಾತ್ರಿ ಊಟವಾದ ಮೇಲೂ ಕಪ್ಪು ಪರದೆಯ ಮುಂದೆ ಕುಳಿತು ಬಿಳಿಯ ಅಕ್ಷರಗಳನ್ನು ದಿಟ್ಟಿಸುವುದನ್ನು ನೀವು ಕಂಡಿರಬಹುದು. ಅದೇನು ಮಾಡುತ್ತಾರೆಂದು ತಿಳಿದಿದ್ದರೆ ಒಳ್ಳೆಯದಲ್ಲವೆ?

ಮಾತಿಗೆ ಒಂದು ಆಧಾರ ಬೇಕು. ಒಂದು ಸಹಕಾರ ಸಂಘವಿದೆ ಎಂದು ಭಾವಿಸೋಣ. ಅದರ ಸದಸ್ಯರಿಗೆ ಷೇರಿನ ಪ್ರಮಾಣಪತ್ರ ಕೊಡಬೇಕು. ಹೆಸರು ಕನ್ನಡದಲ್ಲಿ ಅಚ್ಚಾಗಬೇಕು. ಮೂಲೆಯಲ್ಲಿ ಸದಸ್ಯರ ಭಾವಚಿತ್ರ ಇರಬೇಕು. ಈ ಕೆಲಸವನ್ನು ಒಂದು ಸರ್ವರ್ ಮಾಡುತ್ತದೆ. ಸರ್ವರ್ ಎಂದರೆ ಬೇರೆ ಯಾವುದೋ ಊರಿನ ತಂಪು ಕೋಣೆಯಲ್ಲಿ, ಪರದೆಯೂ ಕೀಲಿಮಣೆಯೂ ಇಲ್ಲದೆ, ಹಗಲಿರುಳು ಓಡುತ್ತಿರುವ ಕಂಪ್ಯೂಟರ್. ಅದರ ಹತ್ತಿರ ಯಾರೂ ಹೋಗುವುದಿಲ್ಲ. ದೂರದಿಂದಲೇ, ಗುಪ್ತಲಿಪಿಯ ತಂತಿಯ ಮೂಲಕ, ಒಂದೊಂದು ಸಾಲು ಅಪ್ಪಣೆ ಬರೆದು ಕಳುಹಿಸುತ್ತಾರೆ. ಅದು ಒಂದೆರಡು ಸಾಲು ಉತ್ತರ ಕೊಡುತ್ತದೆ. ಇದಕ್ಕೇ ಕಮಾಂಡ್ ಲೈನ್ ಎನ್ನುವುದು. ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಹಳೆಯ ಕಾಲದ ಟೆಲಿಗ್ರಾಂ ವ್ಯವಹಾರವೆಂದೇ ತಿಳಿಯಿರಿ. ಒಂದು ಅಕ್ಷರ ತಪ್ಪಿದರೂ ಅರ್ಥ ಕೆಡುತ್ತದೆ, ಕೆಲವೊಮ್ಮೆ ಅನರ್ಥವೂ ಆಗುತ್ತದೆ.

ನಮ್ಮ ಸಂಘದ ಸರ್ವರಿನಲ್ಲಿ ಡೆಬಿಯನ್ ಎಂಬ ವ್ಯವಸ್ಥೆ ಇದೆ ಎನ್ನೋಣ. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಇಂದಿಗೂ ಸ್ವಯಂಸೇವಕರೇ ನಡೆಸುತ್ತಿರುವ ವ್ಯವಸ್ಥೆ ಇದು. ಇದರ ಒಂದೊಂದು ಬಿಡುಗಡೆಗೂ ‘ಟಾಯ್ ಸ್ಟೋರಿ’ ಎಂಬ ಮಕ್ಕಳ ಚಲಚ್ಚಿತ್ರದ ಪಾತ್ರದ ಹೆಸರಿಡುವುದು ಅವರ ಸಂಪ್ರದಾಯ. ೨೦೨೩ರ ಜೂನಿನಲ್ಲಿ ಹೊರಬಂದ ಹನ್ನೆರಡನೆಯ ಬಿಡುಗಡೆಗೆ ಬುಕ್‌ವರ್ಮ್ ಎಂದು ಹೆಸರು, ಎಂದರೆ ಪುಸ್ತಕದ ಹುಳು. ಗ್ರಂಥಭಂಡಾರದ ಮಾತಿನ ನಡುವೆ ಈ ಹುಳು ಬಂದುದು ನನ್ನ ಏರ್ಪಾಡಲ್ಲ!

ಡೆಬಿಯನ್ನಿನ ಉಗ್ರಾಣಕ್ಕೆ ಸಾಮಾನು ತರುವ ಬಾಗಿಲಿಗೆ ಆಪ್ಟ್ ಎಂದು ಹೆಸರು. ‘ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಮುಂದೆ ಪೊಟ್ಟಣದ ಹೆಸರು ಬರೆದರೆ, ಆ ಪೊಟ್ಟಣವೂ, ಅದಕ್ಕೆ ಬೇಕಾದ ಇತರ ಪೊಟ್ಟಣಗಳೂ ಬರುತ್ತವೆ. ಹುಳಿ ಮಾಡಬೇಕೆಂದರೆ ಬೇಳೆ, ಬೇಳೆಯ ಜೊತೆ ಹುಳಿಪುಡಿ, ಪುಡಿಗೆ ಧನಿಯ, ಮೆಂತ್ಯ, ಒಣಮೆಣಸಿನಕಾಯಿ ಎಂದು ಪಟ್ಟಿ ಬೆಳೆಯುವ ಹಾಗೆ ಇಲ್ಲಿಯೂ ಬೆಳೆಯುತ್ತದೆ. ಆ ಪಟ್ಟಿಯನ್ನು ಲೆಕ್ಕ ಹಾಕುವುದೇ ಆಪ್ಟಿನ ಜಾಣತನ. ಬರುವ ಸಾಮಾನಿನ ಮೇಲೆ ಡೆಬಿಯನ್ನಿನವರ ಮೊಹರಿದೆಯೇ ಎಂದೂ ಅದು ನೋಡುತ್ತದೆ. ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಸ್ಥಳವಿದೆ. ‘ಆಪ್ಟ್ ಅಪ್‌ಡೇಟ್’ ಎಂಬ ಅಪ್ಪಣೆ ಕೊಟ್ಟರೆ ಏನೂ ಹೊಸದಾಗುವುದಿಲ್ಲ. ಅಂಗಡಿಯಲ್ಲಿ ಈಗ ಏನೇನಿದೆ ಎಂಬ ಪಟ್ಟಿ ಮಾತ್ರ ಹೊಸದಾಗುತ್ತದೆ. ‘ಆಪ್ಟ್ ಅಪ್‌ಗ್ರೇಡ್’ ಎಂದಾಗಲೇ ಸಾಮಾನು ಬರುವುದು. ಪಟ್ಟಿ ತರಿಸಿ, ಕೆಲಸ ಮುಗಿಯಿತೆಂದು ಮಲಗಿದವರು ಎಷ್ಟೋ ಜನ.

ಈ ಅಪ್ಪಣೆಗಳ ಮುಂದೆ ‘ಸುಡೊ’ ಎಂಬ ಒಂದು ಮಾತು ಸೇರಿಸಬೇಕಾಗುತ್ತದೆ. ‘ಇದನ್ನು ಯಜಮಾನನ ಅಧಿಕಾರದಿಂದ ಮಾಡು’ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಅದು ‘ಸುಡು’ ಎಂದು ಕೇಳಿಸುತ್ತದೆ. ಬಳಸುವವನ ಎಚ್ಚರಿಕೆಗೆ ಅದೂ ಒಳ್ಳೆಯದೇ.

ಈ ಬಾಗಿಲೊಂದೇ ಇದ್ದಿದ್ದರೆ ನನ್ನ ಭಾಷಣ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಪೈಥಾನ್ ಭಾಷೆಯವರಿಗೆ ೨೦೦೩ರಿಂದ ತಮ್ಮದೇ ಒಂದು ಭಂಡಾರವಿದೆ. ಅದಕ್ಕೆ ಪೈಪಿಐ ಎಂದು ಹೆಸರು. ಅಲ್ಲಿಂದ ಸಾಮಾನು ತರುವ ಆಳಿನ ಹೆಸರು ಪಿಪ್. ೨೦೦೮ರಲ್ಲಿ ಇಯಾನ್ ಬಿಕಿಂಗ್ ಎಂಬುವರು ಬರೆದದ್ದು. ಡೆಬಿಯನ್ನಿನ ಉಗ್ರಾಣದಲ್ಲಿ ಸಾಮಾನು ಹಳೆಯದಿರಬಹುದು, ಆದರೆ ಗಟ್ಟಿ. ಅವರು ಒಂದು ಆವೃತ್ತಿಯನ್ನು ಆರಿಸಿಕೊಂಡು ವರ್ಷಗಟ್ಟಲೆ ಅದನ್ನೇ ಇಟ್ಟುಕೊಂಡು, ತೂತು ಕಂಡಲ್ಲಿ ತೇಪೆ ಹಾಕುತ್ತಾರೆ. ಪೈಪಿಐಯಲ್ಲಿ ಕರ್ತೃ ನಿನ್ನೆ ಬರೆದದ್ದು ಇಂದು ಸಿಗುತ್ತದೆ. ಹೊಸತು ಬೇಕೆಂಬ ಆಸೆ ಯಾರಿಗಿಲ್ಲ? ಆದ್ದರಿಂದ ಸರ್ವರಿಗೆ ಎರಡನೆಯ ಬಾಗಿಲು ತೆರೆಯುತ್ತದೆ.

ಎರಡು ಬಾಗಿಲುಗಳು ಒಂದೇ ಕೋಣೆಗೆ ತೆರೆದರೆ ಏನಾಗುತ್ತದೆ? ಡೆಬಿಯನ್ ವ್ಯವಸ್ಥೆಯ ಹಲವು ಸೇವಕರು ಪೈಥಾನಿನಲ್ಲೇ ಬರೆಯಲ್ಪಟ್ಟವರು. ಕಳ್ಳ ಪ್ರವೇಶವನ್ನು ತಡೆಯುವ ಫೇಲ್‌ಟುಬ್ಯಾನ್ ಎಂಬ ಕಾವಲುಗಾರನೂ ಆ ಪೈಕಿ ಒಬ್ಬ. ಅವರು ನೆಚ್ಚಿಕೊಂಡಿದ್ದ ಹಳೆಯ ಲೈಬ್ರರಿಯ ಮೇಲೆ ಪಿಪ್ ಹೊಸದೊಂದನ್ನು ತಂದು ಕೂರಿಸಿದರೆ, ನಮ್ಮ ಪ್ರಮಾಣಪತ್ರ ಚೆನ್ನಾಗಿ ಬರಬಹುದು. ಬಾಗಿಲ ಕಾವಲುಗಾರ ಎದ್ದೇಳದೆ ಹೋಗಬಹುದು. ಬಹುಕಾಲ ಈ ಗಲಿಬಿಲಿ ನಡೆದೇ ಇತ್ತು. ಕೊನೆಗೆ ೨೦೨೩ರ ಬುಕ್‌ವರ್ಮಿನಿಂದ ಡೆಬಿಯನ್ನಿನವರು ಒಂದು ಕಟ್ಟುಪಾಡು ಮಾಡಿದರು. ವ್ಯವಸ್ಥೆಯ ಕೋಣೆಯಲ್ಲಿ ‘ಪಿಪ್ ಇನ್‌ಸ್ಟಾಲ್’ ಎಂದರೆ ಪಿಪ್ ಕೈ ಮುಗಿದು ಒಲ್ಲೆನೆನ್ನುತ್ತದೆ: ಈ ಕೋಣೆಯನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ, ಆಪ್ಟನ್ನು ಕೇಳಿ, ಇಲ್ಲವೇ ಬೇರೆ ಕೋಣೆ ಮಾಡಿಕೊಳ್ಳಿ ಎಂದು. ಹಟ ಹಿಡಿದವರಿಗೆ ಒಂದು ದಾರಿಯನ್ನೂ ಬಿಟ್ಟಿದ್ದಾರೆ. ಅಪ್ಪಣೆಯ ಕೊನೆಗೆ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂದು, ಎಂದರೆ ‘ವ್ಯವಸ್ಥೆಯ ಪೊಟ್ಟಣಗಳನ್ನು ಮುರಿ’ ಎಂದು, ತಮ್ಮ ಕೈಯಾರೆ ಟೈಪು ಮಾಡಬೇಕು. ಕಂಪ್ಯೂಟರಿನವರು ಇಟ್ಟ ಹೆಸರುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆ ಕಂಡಿಲ್ಲ. ಆದರೂ ಅದನ್ನು ಟೈಪು ಮಾಡುವವರಿಗೆ ಬರವಿಲ್ಲ.

ಬೇರೆ ಕೋಣೆಗೆ ವೆನ್ವ್ ಎನ್ನುತ್ತಾರೆ; ೨೦೧೨ರಿಂದ ಪೈಥಾನಿನೊಳಗೇ ಅದರ ಏರ್ಪಾಡಿದೆ. ‘ಪೈಥಾನ್ ೩, ಹೈಫನ್ ಎಮ್, ವೆನ್ವ್’ ಎಂದು ಬರೆದು ಒಂದು ಜಾಗದ ಹೆಸರು ಕೊಟ್ಟರೆ, ಅಲ್ಲಿ ನಮ್ಮ ಸಂಘದ ಕೆಲಸಕ್ಕೇ ಮೀಸಲಾದ ಸಣ್ಣ ಉಗ್ರಾಣ ಎದ್ದು ನಿಲ್ಲುತ್ತದೆ. ಅದರೊಳಗಿನ ಪಿಪ್ ತಂದದ್ದು ಅದರೊಳಗೇ ಉಳಿಯುತ್ತದೆ. ಇದಕ್ಕೆ ಸುಡೊವಿನ ಗೊಡವೆ ಬೇಡ. ಬೇಡ ಎನ್ನುವುದಕ್ಕಿಂತ, ಕೂಡದು ಎನ್ನುವುದೇ ಸರಿ. ಏಕೆಂದರೆ ಕೆಲವು ಪೊಟ್ಟಣಗಳು ಬಿಚ್ಚುವಾಗಲೇ ತಮ್ಮೊಳಗಿನ ಬರಹವನ್ನು ಓಡಿಸುತ್ತವೆ. ಯಜಮಾನನ ಅಧಿಕಾರ ಕೈಯಲ್ಲಿಟ್ಟು ಬಿಚ್ಚಿದರೆ, ಒಳಗಿರುವವನೂ ಯಜಮಾನನೇ ಆಗುತ್ತಾನೆ.

ಈಗ ನಮ್ಮ ಪ್ರಮಾಣಪತ್ರಕ್ಕೆ ಬರೋಣ. ಪೈಥಾನಿನಲ್ಲಿ ಚಿತ್ರದ ಕೆಲಸಕ್ಕೆ ಹೆಸರಾದ ಲೈಬ್ರರಿ ಪಿಲ್ಲೊ. ಫ್ರೆಡ್ರಿಕ್ ಲುಂಡ್ ಎಂಬುವರು ೧೯೯೫ರಲ್ಲಿ ಪಿಐಎಲ್ ಎಂಬ ಲೈಬ್ರರಿಯನ್ನು ಬರೆಯತೊಡಗಿದ್ದರು. ಅದರ ಬೆಳವಣಿಗೆ ನಿಧಾನವಾದಾಗ ೨೦೧೦ರಲ್ಲಿ ಅಲೆಕ್ಸ್ ಕ್ಲಾರ್ಕ್ ಎಂಬುವರು ಅದನ್ನು ಕವಲೊಡೆಸಿ ಪಿಲ್ಲೊ ಎಂದು ಕರೆದರು. ಪಿಪ್ ಮೂಲಕ ತರಿಸುವಾಗ ಅದಕ್ಕೆ ಪಿಲ್ಲೊ ಎನ್ನಬೇಕು; ಕಾರ್ಯಕ್ರಮದೊಳಗೆ ಕರೆಯುವಾಗ ಹಳೆಯ ಪಿಐಎಲ್ ಎಂಬ ಹೆಸರೇ; ಆಪ್ಟಿನ ಪಟ್ಟಿಯಲ್ಲಿ ‘ಪೈಥಾನ್ ೩ ಪಿಐಎಲ್’. ನಮ್ಮಲ್ಲಿ ಶಾಲೆಯ ರಿಜಿಸ್ಟರಿನಲ್ಲೊಂದು ಹೆಸರು, ಮನೆಯಲ್ಲೊಂದು ಹೆಸರು, ಅಜ್ಜಿ ಕೂಗುವುದು ಇನ್ನೊಂದು ಎಂಬ ಹಾಗೆ. ಮನೆಯಲ್ಲಾದರೆ ಯಾವ ಹೆಸರು ಕೂಗಿದರೂ ಬರುವುದು ಅದೇ ಮಗು. ಪೈಪಿಐಯಲ್ಲಿ ಹಾಗಲ್ಲ, ತಪ್ಪು ಹೆಸರು ಕೂಗಿದರೆ ಬೇರೆ ಯಾರೋ ಓಡಿ ಬಂದಾರು. ೨೦೧೭ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯ ದೇಶದ ರಾಷ್ಟ್ರೀಯ ಭದ್ರತಾ ಕಛೇರಿಯವರು ಇಂಥ ಹತ್ತು ವೇಷಧಾರಿಗಳನ್ನು ಅಲ್ಲಿ ಪತ್ತೆಮಾಡಿದರು. ಅವುಗಳಲ್ಲೊಂದು ಪ್ರಸಿದ್ಧವಾದ ಯುಆರ್‌ಎಲ್‌ಲಿಬ್ ೩ ಎಂಬುದರ ಹೆಸರಿನಲ್ಲಿ ಒಂದು ‘ಎಲ್’ ಅಕ್ಷರವನ್ನು ಕಡಮೆ ಮಾಡಿ ಕುಳಿತಿತ್ತು. ೨೦೨೪ರ ಮಾರ್ಚ್ ೨೮ರಂದು ಇಂಥವರ ಹಾವಳಿ ಹೆಚ್ಚಿ, ಪೈಪಿಐಯವರು ಹೊಸ ಬಳಕೆದಾರರ ನೋಂದಣಿಯನ್ನೇ ಕೆಲವು ಗಂಟೆಗಳ ಕಾಲ ನಿಲ್ಲಿಸಬೇಕಾಯಿತು.

ಹೆಸರನ್ನು ಸರಿಯಾಗಿ ಬರೆದು ಪಿಲ್ಲೊವನ್ನು ತಂದಾಯಿತು; ಪರದೆಯ ಮೇಲೆ ಯಶಸ್ವಿಯಾಯಿತೆಂಬ ಸಾಲು ಬಂತು. ಮೊದಲ ಪ್ರಮಾಣಪತ್ರ ಅಚ್ಚಾಗುತ್ತದೆ. ಸದಸ್ಯರ ಹೆಸರು ಕೃಷ್ಣಪ್ಪ. ಅಚ್ಚಾದದ್ದು ನೋಡಿದರೆ, ಷಕಾರದ ಕೆಳಗೆ ಇಳಿಯಬೇಕಾದ ಣಕಾರ ಪಕ್ಕದಲ್ಲೇ ನಿಂತಿದೆ; ಪಕಾರದ ಒತ್ತು ಒತ್ತಾಗದೆ ಇನ್ನೊಂದು ಪಕಾರವಾಗಿದೆ; ನಡುನಡುವೆ ಹಲಂತದ ಕೊಂಡಿಗಳು ಗಾಳಿಯಲ್ಲಿ ತೂಗಾಡುತ್ತಿವೆ. ನಲವತ್ತು ವರ್ಷ ಸಂಘಕ್ಕೆ ಹಾಲು ಹಾಕಿದವರ ಹೆಸರು, ಪೆಟ್ಟಿಗೆಯಿಂದ ಚೆಲ್ಲಿದ ಅಚ್ಚುಮೊಳೆಗಳ ಹಾಗೆ ಕಾಣುತ್ತದೆ.

ಇದಕ್ಕೆ ಕಾರಣ ತಿಳಿಯುವುದು ಸ್ವಾರಸ್ಯವಾಗಿದೆ. ಕಂಪ್ಯೂಟರು ‘ಪ್ಪ’ ಎಂಬುದನ್ನು ನೆನಪಿಡುವುದು ಪಕಾರ, ಹಲಂತ, ಪಕಾರ ಎಂಬ ಮೂರು ಗುರುತುಗಳಾಗಿ. ಅವನ್ನು ಒಂದರ ಕೆಳಗೊಂದು ಕೂರಿಸಿ ಒತ್ತಕ್ಷರ ಮಾಡುವ ವಿದ್ಯೆ ಪಿಲ್ಲೊವಿಗೆ ಸ್ವಂತವಾಗಿ ಬಾರದು. ಅದು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿಯ ವಿದ್ಯೆ. ಪಾರ್ಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ನಮ್ಮಲ್ಲಿ ಉರ್ದು ಬಲ್ಲವರಿಗೆ ಮೊದಲನೆಯ ಮಾತು ಪರಿಚಿತವೇ. ಆಂಡ್ರಾಯ್ಡ್ ದೂರವಾಣಿಯಲ್ಲಿ, ಕ್ರೋಮಿನಲ್ಲಿ, ಫೈರ್‌ಫಾಕ್ಸಿನಲ್ಲಿ ನೀವು ಕನ್ನಡ ಓದುವಾಗ ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತಿರುವುದು ಇದೇ ಹಾರ್ಫ್‌ಬಜ್. ಪಿಲ್ಲೊ ಇದನ್ನು ನೇರವಾಗಿ ಕರೆಯುವುದಿಲ್ಲ. ರಾಕ್ಮ್ ಎಂಬ ಮಧ್ಯಸ್ಥನ ಮೂಲಕ ಕರೆಯುತ್ತದೆ. ಆ ಮಧ್ಯಸ್ಥನಿಗೆ ಫ್ರಿಬಿಡಿ ಎಂಬ ಇನ್ನೊಬ್ಬ ಸಹಾಯಕ ಬೇಕು. ಫ್ರಿಬಿಡಿಯ ಕೆಲಸವೇನು ಬಲ್ಲಿರಾ? ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಓಡುವ ಬರಹದ ದಿಕ್ಕನ್ನು ನೋಡಿಕೊಳ್ಳುವುದು! ಕೃಷ್ಣಪ್ಪನವರ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅವನು ಬಾರದಿದ್ದರೆ ರಾಕ್ಮ್ ಬಾರದು. ರಾಕ್ಮ್ ಬಾರದಿದ್ದರೆ ಹಾರ್ಫ್‌ಬಜ್ ಬಾಯಿ ತೆರೆಯದು.

೨೦೨೧ರ ಏಪ್ರಿಲಿನಲ್ಲಿ ಬಂದ ಪಿಲ್ಲೊವಿನ ೮.೨ನೆಯ ಆವೃತ್ತಿಯಿಂದ ಈಚೆಗೆ, ಪಿಪ್ ತರುವ ಪೊಟ್ಟಣದೊಳಗೇ ರಾಕ್ಮ್, ಹಾರ್ಫ್‌ಬಜ್‌ಗಳನ್ನು ಕಟ್ಟಿ ಕಳುಹಿಸುತ್ತಿದ್ದಾರೆ. ಫ್ರಿಬಿಡಿಯನ್ನು ಮಾತ್ರ, ಓಡುವ ಹೊತ್ತಿಗೆ ಸರ್ವರಿನಲ್ಲಿ ಹುಡುಕಿಕೊಳ್ಳುವಂತೆ ಬಿಟ್ಟರು. ಅಂಥ ಸರ್ವರಿನಲ್ಲಿ ಅದು ಇಲ್ಲದಿದ್ದರೆ ಪಿಲ್ಲೊ ಗಲಾಟೆ ಮಾಡುವುದಿಲ್ಲ. ತನಗೆ ಬಂದಷ್ಟನ್ನು ಮಾಡಿ ಕೊಟ್ಟುಬಿಡುತ್ತದೆ. ಇಂಗ್ಲಿಷ್ ಹೆಸರು ಚೆನ್ನಾಗಿಯೇ ಬರುವುದರಿಂದ, ಕನ್ನಡ ಓದಲಾರದವರು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಇದನ್ನು ಕೇಳಿ ತಿಳಿಯುವ ಅಪ್ಪಣೆಯೊಂದಿದೆ: ‘ಪೈಥಾನ್ ೩, ಹೈಫನ್ ಎಮ್, ಪಿಐಎಲ್’. ಉತ್ತರವಾಗಿ ಬರುವ ಪಟ್ಟಿಯಲ್ಲಿ ರಾಕ್ಮ್ ಹೆಸರಿನ ಮುಂದೆ ಮೂರು ನಕ್ಷತ್ರಗಳಿದ್ದರೆ ಅದು ಇಲ್ಲವೆಂದು ಅರ್ಥ. ಆಗ ಹೋಗಬೇಕಾದದ್ದು ಪಿಪ್ ಬಳಿಗಲ್ಲ, ಮೊದಲನೆಯ ಬಾಗಿಲಾದ ಆಪ್ಟ್ ಬಳಿಗೆ: ‘ಆಪ್ಟ್ ಇನ್‌ಸ್ಟಾಲ್ ಲಿಬ್ ಫ್ರಿಬಿಡಿ ಸೊನ್ನೆ’. ಒಂದೇ ಹೆಸರನ್ನು ಸರಿಯಾಗಿ ಅಚ್ಚು ಹಾಕಲು ಎರಡು ಬಾಗಿಲಿನ ಸಾಮಾನೂ ಬೇಕಾಯಿತು.

ಹೆಸರು ಸರಿಹೋಯಿತು, ಸಂಘದವರು ಸಂತೋಷಪಟ್ಟರು, ಕೆಲಸ ಮಾಡಿದ ಹುಡುಗ ಬೇರೆ ಉದ್ಯೋಗಕ್ಕೆ ಹೋದ. ಇಂಥ ಸರ್ವರುಗಳ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಕಷ್ಟ ಆರಂಭವಾಗುವುದೂ ಇಲ್ಲಿಂದಲೇ.

೨೦೨೩ರ ಸೆಪ್ಟೆಂಬರ್ ೬ರಂದು ಆಪಲ್ ಸಂಸ್ಥೆಯ ಭದ್ರತಾ ವಿಭಾಗದವರೂ, ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬಿನವರೂ ಗೂಗಲ್ಲಿಗೆ ಒಂದು ದೋಷವನ್ನು ತಿಳಿಸಿದರು. ದೋಷವಿದ್ದುದು ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ. ಚಿತ್ರವನ್ನು ಬಿಡಿಸುವಾಗ ಅದು ಒಂದು ಕೋಷ್ಟಕ ಕಟ್ಟುತ್ತದೆ. ಕುಟಿಲವಾಗಿ ರಚಿಸಿದ ಚಿತ್ರವಾದರೆ, ಆ ಕೋಷ್ಟಕ ತನಗೆ ಮೀಸಲಿಟ್ಟ ಜಾಗವನ್ನು ಮೀರಿ ಪಕ್ಕದ ಜಾಗದ ಮೇಲೂ ಬರೆದುಬಿಡುತ್ತದೆ. ಬರೆಯಿಸುವವನು ಜಾಣನಾದರೆ, ಚಿತ್ರವೊಂದನ್ನು ತೆರೆದ ಮಾತ್ರಕ್ಕೆ ಆ ಕಂಪ್ಯೂಟರನ್ನೇ ವಶಪಡಿಸಿಕೊಳ್ಳಬಹುದು. ಸೆಪ್ಟೆಂಬರ್ ೧೧ರಂದು ಕ್ರೋಮಿಗೆ ತಿದ್ದುಪಡಿ ಬಂತು. ಅದೇ ವಾರದಲ್ಲಿ ಲೈಬ್ರರಿಯೂ ತಿದ್ದಲ್ಪಟ್ಟು, ೧.೩.೨ ಎಂಬ ಆವೃತ್ತಿಯಾಗಿ ಹೊರಬಂತು. ಡೆಬಿಯನ್ನಿನವರೂ ತಮ್ಮ ತೇಪೆಯನ್ನು ಬಿಡುಗಡೆ ಮಾಡಿದರು.

ನಮ್ಮ ಸಂಘದ ಸರ್ವರನ್ನು ನೆನಸಿಕೊಳ್ಳಿ. ಸದಸ್ಯರು ತಮ್ಮ ಭಾವಚಿತ್ರವನ್ನು ತಾವೇ ಕಳುಹಿಸುತ್ತಾರೆ. ಕಳುಹಿಸುವವರು ಸದಸ್ಯರೇ ಆಗಿರಬೇಕೆಂಬ ಕಟ್ಟೇನೂ ಇಲ್ಲ. ಪಿಲ್ಲೊ ಆ ಚಿತ್ರದ ಹೆಸರಿನ ಬಾಲವನ್ನು ನಂಬುವುದಿಲ್ಲ. ಒಳಗೆ ಏನಿದೆ ಎಂದು ನೋಡಿ ತಕ್ಕ ಬಿಡಿಸುವವನನ್ನು ಕರೆಯುತ್ತದೆ. ಜೆಪೆಗ್ ಎಂದು ಹೆಸರಿಟ್ಟು ವೆಬ್‌ಪಿ ಕಳುಹಿಸಿದರೂ ಲಿಬ್‌ವೆಬ್‌ಪಿಯ ಕೈಗೇ ಹೋಗುತ್ತದೆ. ಹುಡುಗನ ಜಾಗಕ್ಕೆ ಬಂದವರು ಎಚ್ಚರಿಕೆಯುಳ್ಳವರು ಎನ್ನೋಣ. ಪತ್ರಿಕೆಯಲ್ಲಿ ಸುದ್ದಿ ಓದಿದರು. ಸರ್ವರಿಗೆ ಹೋಗಿ ‘ಆಪ್ಟ್ ಅಪ್‌ಡೇಟ್’, ಆಮೇಲೆ ‘ಆಪ್ಟ್ ಅಪ್‌ಗ್ರೇಡ್’ ಎರಡನ್ನೂ ಕ್ರಮವಾಗಿ ಮಾಡಿದರು. ಲಿಬ್‌ವೆಬ್‌ಪಿ ಹೊಸದಾಯಿತೆಂದು ಪರದೆ ಹೇಳಿತು. ಅದು ಸುಳ್ಳಲ್ಲ. ಆದರೆ ಪಿಲ್ಲೊ ಬಳಸುತ್ತಿದ್ದ ಲಿಬ್‌ವೆಬ್‌ಪಿ ಅದಲ್ಲ!

ಪಿಪ್ ತಂದ ಪಿಲ್ಲೊವಿನ ಪೊಟ್ಟಣದಲ್ಲಿ ‘ಪಿಲ್ಲೊ ಲಿಬ್ಸ್’ ಎಂಬ ಒಂದು ಒಳ ಅರೆ ಇದೆ. ಜೆಪೆಗ್, ಟಿಫ್, ವೆಬ್‌ಪಿ ಮುಂತಾದ ಬಗೆಬಗೆಯ ಚಿತ್ರಗಳನ್ನು ಬಿಡಿಸುವ ಲೈಬ್ರರಿಗಳ ಸ್ವಂತ ಪ್ರತಿಗಳನ್ನು ಅದರಲ್ಲಿ ತುಂಬಿಟ್ಟಿರುತ್ತಾರೆ. ಅವರನ್ನು ದೂರುವಂತಿಲ್ಲ. ತಮ್ಮ ಪೊಟ್ಟಣ ಯಾವ ದೇಶದ, ಯಾವ ಬಗೆಯ, ಎಷ್ಟು ಹಳೆಯ ಸರ್ವರಿಗೆ ಹೋಗುತ್ತದೆಂದು ಅವರಿಗೆ ತಿಳಿಯದು. ಎಲ್ಲಿ ಬಿಚ್ಚಿದರೂ ಓಡಬೇಕಾದರೆ ಬುತ್ತಿಯನ್ನು ಕಟ್ಟಿಯೇ ಕಳುಹಿಸಬೇಕು. ಆದರೆ ಆಪ್ಟಿಗೆ ಈ ಅರೆಯ ಸಂಗತಿ ತಿಳಿಯದು. ಅಲ್ಲಿರುವ ಕಡತವನ್ನು ತೋರಿಸಿ ಇದು ಯಾವ ಪೊಟ್ಟಣದ್ದು ಎಂದು ಡೆಬಿಯನ್ನನ್ನು ಕೇಳಿದರೆ, ಅದು ತನ್ನ ಪಟ್ಟಿಯಲ್ಲೇ ಇಲ್ಲವೆನ್ನುತ್ತದೆ. ಪಿಲ್ಲೊವಿನವರು ತಿದ್ದಿದ ಲಿಬ್‌ವೆಬ್‌ಪಿಯನ್ನು ಒಳಗಿಟ್ಟು ೧೦.೦.೧ ಎಂಬ ಆವೃತ್ತಿಯನ್ನು ಸೆಪ್ಟೆಂಬರ್ ೧೫ರಂದು ಹೊರತಂದರು. ಅದನ್ನು ಎರಡನೆಯ ಬಾಗಿಲಿನಿಂದ, ಆ ಸಣ್ಣ ಉಗ್ರಾಣದೊಳಗಿನ ಪಿಪ್‌ಗೆ ಹೇಳಿಯೇ ತರಿಸಬೇಕು. ಸಣ್ಣ ಉಗ್ರಾಣವೊಂದಿದೆ ಎಂದೇ ಹೊಸಬರಿಗೆ ತಿಳಿಯದಿದ್ದರೆ, ತರಿಸುವವರಾರು? ಮುಂಬಾಗಿಲಿಗೆ ಹೊಸ ಬೀಗ ಬಿತ್ತು, ಹಿತ್ತಲ ಬಾಗಿಲು ಹಾಗೆಯೇ ಉಳಿಯಿತು.

ತರಿಸಿದರೂ ಇನ್ನೊಂದು ಸೂಕ್ಷ್ಮವಿದೆ. ಓಡುತ್ತಿರುವ ಕಾರ್ಯಕ್ರಮ ಹಳೆಯ ಲೈಬ್ರರಿಯನ್ನು ಈಗಾಗಲೇ ತನ್ನ ನೆನಪಿಗೆ ತೆಗೆದುಕೊಂಡಿರುತ್ತದೆ. ಬೀರುವಿನಲ್ಲಿ ಹೊಸ ಪುಸ್ತಕ ಇಟ್ಟ ಮಾತ್ರಕ್ಕೆ, ಹಳೆಯದನ್ನು ಕೈಯಲ್ಲಿ ಹಿಡಿದು ಓದುತ್ತಾ ಕುಳಿತವನಿಗೆ ಅದು ಗೊತ್ತಾಗುವುದಿಲ್ಲ. ಅವನನ್ನು ಎಬ್ಬಿಸಿ ಮತ್ತೆ ಕೂರಿಸಬೇಕು, ಎಂದರೆ ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು. ತಿಂಗಳುಗಟ್ಟಲೆ ನಿಲ್ಲದೆ ಓಡಿದ ಸರ್ವರಿನ ಬಗ್ಗೆ ಜಂಬ ಕೊಚ್ಚುವವರನ್ನು ಕಂಡಾಗ ನನಗೆ ಸ್ವಲ್ಪ ಭಯವೇ ಆಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕಷ್ಟದ ವಿದ್ಯೆಯೇನಲ್ಲ, ಭಂಡಾರಿಯ ರಿಜಿಸ್ಟರಿನ ಕೆಲಸ ಅಷ್ಟೆ. ಪಿಪ್‌ಗೆ ‘ಫ್ರೀಜ್’ ಎಂದರೆ ಉಗ್ರಾಣದಲ್ಲಿರುವ ಪ್ರತಿಯೊಂದು ಪೊಟ್ಟಣದ ಹೆಸರನ್ನೂ, ಆವೃತ್ತಿಯ ಸಂಖ್ಯೆಯನ್ನೂ ಸಾಲಾಗಿ ಬರೆದು ಕೊಡುತ್ತದೆ. ಅದನ್ನು ‘ರಿಕ್ವೈರ್‌ಮೆಂಟ್ಸ್’ ಎಂಬ ಕಡತದಲ್ಲಿ ಇಡುವುದು ರೂಢಿ. ಅದೇ ಕಡತವನ್ನು ಪಿಪ್ ಮುಂದೆ ಹಿಡಿದು ‘ಇನ್‌ಸ್ಟಾಲ್’ ಎಂದರೆ, ಬೇರೆ ಸರ್ವರಿನಲ್ಲೂ ಅವೇ ಪೊಟ್ಟಣಗಳು, ಅವೇ ಆವೃತ್ತಿಗಳು ಬರುತ್ತವೆ. ಇನ್ನೂ ಬಿಗಿ ಬೇಕೆಂದರೆ ಪ್ರತಿಯೊಂದು ಪೊಟ್ಟಣದ ಬೆರಳಚ್ಚಿನಂಥ ಸಂಖ್ಯೆಯನ್ನೂ ಬರೆದಿಡಬಹುದು. ಬಂದದ್ದು ಅದಕ್ಕೆ ಹೊಂದದಿದ್ದರೆ ಪಿಪ್ ಬಾಗಿಲಲ್ಲೇ ತಡೆಯುತ್ತದೆ. ‘ಪಿಪ್ ಚೆಕ್’ ಎಂದರೆ ಒಂದಕ್ಕೊಂದು ಹೊಂದದ ಪೊಟ್ಟಣಗಳಿವೆಯೇ ಎಂದು ಹೇಳುತ್ತದೆ. ‘ಪಿಪ್ ಆಡಿಟ್’ ಎಂಬ ಬೇರೆ ಸಾಧನವೊಂದಿದೆ. ಅದು ಪಟ್ಟಿಯಲ್ಲಿರುವ ಯಾವುದಕ್ಕೆ ದೋಷವಿದೆಯೆಂದು ಪ್ರಕಟವಾಗಿದೆಯೋ ಅದನ್ನು ಎತ್ತಿ ತೋರಿಸುತ್ತದೆ. ತೆಗೆದುಹಾಕುವಾಗಲೂ ಎರಡು ಬಾಗಿಲಿನ ನಡತೆ ಬೇರೆ ಬೇರೆ. ಆಪ್ಟಿಗೆ ‘ಆಟೊರಿಮೂವ್’ ಎಂದರೆ ಯಾರಿಗೂ ಬೇಡವಾದ ಉಪಸಾಮಾನುಗಳನ್ನೂ ಗುಡಿಸುತ್ತದೆ. ಪಿಪ್ ಹೇಳಿದ್ದೊಂದನ್ನು ತೆಗೆದು, ಅದರ ಹಿಂದೆ ಬಂದ ಪರಿವಾರವನ್ನು ಅಲ್ಲಿಯೇ ಬಿಟ್ಟುಬಿಡುತ್ತದೆ.

ನನ್ನನ್ನು ಕೇಳಿದರೆ, ಒಬ್ಬರೋ ಇಬ್ಬರೋ ನೋಡಿಕೊಳ್ಳುವ ಸಣ್ಣ ಸಂಘಕ್ಕೆ ಡೆಬಿಯನ್ನಿನ ‘ಪೈಥಾನ್ ೩ ಪಿಐಎಲ್’ ಸಾಕೆನಿಸಿದರೆ ಅದೇ ಮೇಲು. ಅದು ಸರ್ವರಿನ ಲಿಬ್‌ವೆಬ್‌ಪಿಯನ್ನೇ ಬಳಸುವುದರಿಂದ ಒಂದೇ ಬಾಗಿಲಿನ ತೇಪೆ ಎಲ್ಲಕ್ಕೂ ಸಲ್ಲುತ್ತದೆ. ಹೊಸ ಆವೃತ್ತಿಯ ಸೊಗಸು ತಪ್ಪಬಹುದು. ಕೃಷ್ಣಪ್ಪನವರಿಗೆ ಆ ಸೊಗಸಿನಿಂದ ಆಗಬೇಕಾದದ್ದೇನೂ ಇಲ್ಲ. ಹೊಸದೇ ಬೇಕೆನ್ನುವವರು ವೆನ್ವ್ ಮಾಡಿಕೊಳ್ಳಲಿ. ಅದು ಎಲ್ಲಿದೆ, ಅದರಲ್ಲೇನಿದೆ, ಅದರ ಜೊತೆಗೆ ಆಪ್ಟಿನಿಂದ ಏನು ಬೇಕು ಎಂಬುದನ್ನು ಮುಂದೆ ಬರುವವರಿಗೆ ಕಾಣುವಂತೆ ಬರೆದಿಡಲಿ. ಫ್ರೀಜ್ ಮಾಡಿದ ಪಟ್ಟಿಯಲ್ಲಿ ಫ್ರಿಬಿಡಿಯ ಹೆಸರು ಬರುವುದಿಲ್ಲವೆಂಬುದನ್ನು ಮರೆಯಬಾರದು. ಅದನ್ನು ಮನುಷ್ಯನೇ ಕೈಯಾರೆ ಬರೆಯಬೇಕು.

ಆ ಬರವಣಿಗೆ ಬೇಕಾಗುವ ದಿನ ಬಂದೇ ಬರುತ್ತದೆ. ೨೦೨೫ರ ಆಗಸ್ಟಿನಲ್ಲಿ ಡೆಬಿಯನ್ನಿನ ಹದಿಮೂರನೆಯ ಬಿಡುಗಡೆಯಾದ ಟ್ರಿಕ್ಸಿ ಹೊರಬಂತು. ಬುಕ್‌ವರ್ಮಿನಲ್ಲಿದ್ದ ಪೈಥಾನ್ ೩.೧೧ರ ಜಾಗಕ್ಕೆ ಇದರಲ್ಲಿ ೩.೧೩ ಬಂದಿದೆ. ಹಳೆಯ ಪೈಥಾನಿನ ಹೆಗಲ ಮೇಲೆ ನಿಂತಿದ್ದ ಸಣ್ಣ ಉಗ್ರಾಣ, ಸರ್ವರನ್ನು ಹೊಸ ಬಿಡುಗಡೆಗೆ ಏರಿಸಿದಾಗ ಕುಸಿಯುತ್ತದೆ. ಅದನ್ನು ರಿಪೇರಿ ಮಾಡುವ ಪ್ರಯತ್ನಕ್ಕೆ ಹೋಗಬಾರದು. ಇಡಿಯಾಗಿ ಅಳಿಸಿ, ಹೊಸ ವೆನ್ವ್ ಕಟ್ಟಿ, ಬರೆದಿಟ್ಟ ಪಟ್ಟಿಯನ್ನು ಅದರ ಮುಂದೆ ಹಿಡಿಯಬೇಕು. ಪಟ್ಟಿಯ ಆವೃತ್ತಿಗಳಲ್ಲಿ ಕೆಲವು ಹೊಸ ಪೈಥಾನಿಗೆ ಹೊಂದದಿದ್ದರೆ ಅವನ್ನೊಂದೊಂದಾಗಿ ಮೇಲಕ್ಕೇರಿಸಬೇಕು. ಬಳಿಕ ‘ಪೈಥಾನ್ ೩, ಹೈಫನ್ ಎಮ್, ಪಿಐಎಲ್’ ಎಂದು ಕೇಳಿ, ರಾಕ್ಮ್ ಮುಂದೆ ನಕ್ಷತ್ರಗಳಿಲ್ಲವೆಂದು ನೋಡಿಕೊಳ್ಳಬೇಕು. ಅಷ್ಟಾದ ಮೇಲೆ, ಕನ್ನಡ ಓದಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಲಕ್ಷ್ಮಮ್ಮ’ ಎಂಬ ಒಂದು ಹೆಸರನ್ನು ಅಚ್ಚು ಹಾಕಿಸಿ ನೋಡಿ. ಕಕಾರದ ಕೆಳಗೆ ಷಕಾರವೂ, ಅದರ ಪಕ್ಕದಲ್ಲಿ ಮಕಾರದ ಒತ್ತೂ, ಕೊನೆಯ ಮಕಾರದ ಕೆಳಗೆ ಅದರ ಜೋಡಿಯೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿದ್ದರೆ, ಸೇವೆಯನ್ನು ಸದಸ್ಯರಿಗೆ ತೆರೆಯಬಹುದು.